ಇಲ್ಲಗಳ ಪುಸ್ತಕ

ವಾಲ್ಪರೈಸೊದ ಗುಡ್ಡದ ಬುಡದಲ್ಲಿ ನಮ್ಮ ಹಾರ್ಡ್‌ವೇರ್ ಅಂಗಡಿ.
ಮೇಲೆ ತಗಡಿನ ಮನೆಗಳು,
ಹಡಗಿಗೆ ಬಳಿದು ಮಿಕ್ಕ ಬಣ್ಣ ಉಟ್ಟು
ಒಂದರ ಹೆಗಲಿಗೊಂದು ಕಾಲಿಟ್ಟು ನಿಂತಿವೆ.
ಕೆಳಗೆ ಕೌಂಟರು. ಹಿಂದೆ ನಾನು, ಎಲೆಯುತೇರಿಯೊ,
ನಲವತ್ತೊಂದು ವರ್ಷದಿಂದ ಮೊಳೆ ತೂಗುತ್ತಿರುವವನು.

ಬಂದರಿನ ಬಳಿ ದೊಡ್ಡ ಅಂಗಡಿಯೊಂದು ಬಾಗಿಲು ತೆರೆಯಿತು;
ಅದರ ಗಾಡಿ ನಿಲ್ಲಿಸುವ ಜಾಗವೇ
ನಮ್ಮ ಗೋದಾಮಿನ ಮೂರು ಪಟ್ಟು.
ಯಜಮಾನಿ ಒರ್ತೆನ್ಸಿಯಾ ಒಂದು ಸೋಮವಾರ
ಮಾಯ್ತೆ ಎಂಬ ಹುಡುಗಿಯನ್ನು ಕರೆತಂದು
"ಇನ್ನು ಡೇಟಾ ನೋಡಿ ವ್ಯಾಪಾರ" ಎಂದಳು.
ನನಗನಿಸಿತು: ಹನಿಗೂಡಿದರೆ ಹಳ್ಳ, ಸರಿ,
ಹಳ್ಳವೇ ಒಳಗೆ ನುಗ್ಗಿದರೆ?

ಮೊದಲ ಮೂರು ವಾರ ಅವಳು ಯಂತ್ರ ಬಿಚ್ಚಲೇ ಇಲ್ಲ.
ಹದಿನೇಳು ವರ್ಷದ ಬಿಲ್ಲು ನೆಲಕ್ಕೆ ಸುರಿದು
ಅಕ್ಕಿಯಲ್ಲಿ ಕಲ್ಲು ಆರಿಸುವವಳ ಹಾಗೆ ಕೂತಳು.
"ಸೆಗುಂದೋ, ಎಸ್. ಪೈಯಾಕಾನ್, ಬಡಗಿ ಸೆಗುಂದೋ,
ಕುಂಟ, ಕುಂಟನ ಅಳಿಯ. ಒಟ್ಟು ಎಷ್ಟು ಜನ?"
"ಇಬ್ಬರು," ಎಂದೆ. "ಅಳಿಯನೂ ಕುಂಟನೇ."
ಒಂದು ಕಡೆ ಅರ್ಧ ಇಂಚು, ಒಂದು ಕಡೆ ಮಿಲಿಮೀಟರು,
ಇನ್ನೊಂದು ಕಡೆ ನನ್ನದೇ ಅಕ್ಷರದಲ್ಲಿ
"ಕಿರುಬೆರಳಿನಷ್ಟು ದಪ್ಪ."
ಯಾರ ಕಿರುಬೆರಳು? ಎಂದಳು.
ಚಾಚಿದೆ. ಅಳೆದುಕೊಂಡಳು.

ಆಮೇಲೆ ಯಂತ್ರ ಬಾಯಿಬಿಟ್ಟಿತು.
ಉತ್ತರದ ಗಾಳಿ ಬೀಸಿದ ಮೂರನೆಯ ದಿನ
ತಗಡಿನ ಸ್ಕ್ರೂ ನಾಲ್ಕು ಪಟ್ಟು. ಗೊತ್ತಿತ್ತು.
ಪಿಂಚಣಿಯ ವಾರ ಬಿಳಿಯ ಬಣ್ಣ. ಅದೂ ಗೊತ್ತಿತ್ತು.
ಹೊಸ ಬೀಗ ಕೊಂಡವರು, ಬಹುಪಾಲು,
ಎರಡು ತಿಂಗಳಿಗೆ ಕರೆಗಂಟೆ ಕೊಳ್ಳುತ್ತಾರೆ.

ಇದು ಗೊತ್ತಿರಲಿಲ್ಲ.
ಬೀಗ ಕೊಟ್ಟದ್ದು ಈ ಕೈ, ಗಂಟೆ ಕೊಟ್ಟದ್ದೂ ಈ ಕೈ.
ಮೊದಲು ಯಾರೂ ಬಾರದಿರಲಿ ಎಂದು,
ಆಮೇಲೆ ಯಾರಾದರೂ ಬರಲಿ ಎಂದು.
ನಡುವಿನ ಅರವತ್ತು ರಾತ್ರಿ
ನನ್ನ ಕಣ್ಣಿಗೆ ಬಿದ್ದೇ ಇರಲಿಲ್ಲ.

ಯಜಮಾನಿ ಫೋನಿಗೆ ಕೈ ಹಾಕಿದಳು,
ಎಲ್ಲರಿಗೂ ಗಂಟೆ ಮಾರಿಬಿಡೋಣ ಎಂದು.
"ಬೇಡ," ಎಂದಳು ಮಾಯ್ತೆ. "ಗಂಟೆಗಳನ್ನು
ಬೀಗದ ಪಕ್ಕದ ಕಪಾಟಿಗೆ ತನ್ನಿ, ಸಾಕು.
ಪಟ್ಟಿಯಿಂದ ಹೆಸರು ಅಳಿಸುತ್ತೇನೆ."
ಅಳಿಸುವ ಮುನ್ನ ನಾನು ಇಣುಕಿದ್ದೆ.
ಬೀಗ ಕೊಂಡು ಗಂಟೆ ಕೊಳ್ಳದವರು ಹನ್ನೊಂದು ಮಂದಿ.
ಏಳನೆಯದು ನನ್ನ ಹೆಸರು.
ಅವಳೂ ನೋಡಿದಳು. ಏನೂ ಕೇಳಲಿಲ್ಲ.

ಕೊನೆಗೆ ತರಿಸಬಾರದ ಸರಕುಗಳ ಪಟ್ಟಿ ಬಂತು.
"ಹಿತ್ತಾಳೆ ವಾಷರು, ಎರಡು ವರ್ಷಕ್ಕೆ ಸೊನ್ನೆ."
ಸೊನ್ನೆಯಾಗದೆ? ಸರಕು ಮುಗಿದೇ ಎರಡು ವರ್ಷ!
ವಾರಕ್ಕೆ ಮೂವರು ಕೇಳುತ್ತಾರೆ, ನಾಲ್ವರು ಕೇಳುತ್ತಾರೆ,
ಇಲ್ಲ ಅನ್ನುತ್ತೇನೆ, ಹೋಗುತ್ತಾರೆ.
ಇಲ್ಲಕ್ಕೆ ಬಿಲ್ಲಿಲ್ಲ, ಮಗಳೇ.

ಅವಳ ಬೆರಳು ಕೀಲಿಗಳ ಮೇಲೆ ನಿಂತೇಹೋಯಿತು.
ಮರುದಿನ ಕೌಂಟರಿನ ಮೊಳೆಗೆ ದಾರ ಕಟ್ಟಿ
ಒಂದು ನೋಟ್‌ಬುಕ್ಕು ತೂಗುಬಿಟ್ಟಳು:
ಏನು ಕೇಳಿದರು, ಯಾವಾಗ, ಎಷ್ಟು ಸಲ ಇಲ್ಲ ಎಂದೆವು.

ಎಡಗೈಯವರ ಕತ್ತರಿ, ಎರಡು ಸಲ.
ಹಳೆಯ ಲಿಫ್ಟಿನ ಬಾಗಿಲಿಗೆ ಕೂರುವ ಚಿಲಕ.
ಹಿತ್ತಾಳೆ ವಾಷರು, ವಾಷರು, ಮತ್ತೆ ವಾಷರು.
ನಾಣ್ಯ ಮಾತ್ರ ಹಿಡಿಯುವ ಅಯಸ್ಕಾಂತ:
ಒಬ್ಬ ಹುಡುಗ, ದಿನಾ ಸಂಜೆ.

ಚಳಿಗಾಲಕ್ಕೆ ವಾಷರು ಬಂತು, ಚಿಲಕವೂ ಬಂತು.
ಬಂದರಿನ ಅಂಗಡಿಯವರೇ ಒಬ್ಬೊಬ್ಬರಾಗಿ
"ಮೇಲೆ ಅಲ್ಲಿ ಕೇಳಿ ನೋಡಿ" ಅನ್ನತೊಡಗಿದರು.
ಗೆದ್ದೆವು ಅನ್ನಲಾರೆ.
ಅವರ ದೀಪಗಳು ರಾತ್ರಿಯಿಡೀ ಉರಿಯುತ್ತವೆ.
ನಮ್ಮ ಶಟರು ಬೆಳಿಗ್ಗೆ ಮೇಲೇಳುತ್ತದೆ, ಅಷ್ಟೆ.

ಶನಿವಾರ, ಎಲ್ಲರೂ ಹೋದ ಮೇಲೆ,
ದಾರ ಎಳೆದು, ಪೆನ್ಸಿಲು ನಾಲಗೆಗೆ ತಾಗಿಸಿ ಬರೆದೆ:
ಕರೆಗಂಟೆ. ಮೆಲ್ಲಗೆ ಸದ್ದು ಮಾಡುವಂಥದ್ದು.
ಕೇಳಿದವರು: ಒಬ್ಬ.
ನಮ್ಮಲ್ಲಿ: ಇಲ್ಲ.